ಗೂಡ್ಸ್ ಗಾಡಿಯಷ್ಟು ಉದ್ದದ ಹೆಸರು

ನಂಬಬೇಡಿ, ನೋಡೋಣ. ದಾವಣಗೆರೆಯಿಂದ ಚಿಕ್ಕಬಾಣಾವರದವರೆಗೆ ಹರಡಿಕೊಂಡಿರುವ ನಮ್ಮ ನೆಂಟರ ಬಳಗವಿಡೀ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಕಾಫಿಗೂ ಮುಂಚೆ ಫೋನ್ ತೆಗೆದು ‘ಪೀಣ್ಯ ಸ್ಪ್ರಿಂಗ್’ ಅಂತ ಹುಡುಕುತ್ತಿತ್ತು. ಸುಳ್ಳು ಅನ್ನುವವರು ನಮ್ಮ ಮನೆಗೆ ಬನ್ನಿ. ನನ್ನ ಹೆಂಡತಿಯ ತಮ್ಮನಿಗೆ ಫೋನ್ ಹಚ್ಚಿ ನಿಮ್ಮ ಕೈಗೆ ಕೊಡುತ್ತೇನೆ. ಅವನ ಬಾಯಿಂದ ಊಟದ ಹೊತ್ತಿಗಿಂತ ಮುಂಚೆ ಬಿಡಿಸಿಕೊಂಡರೆ ನಿಮ್ಮ ಗುಲಾಮ ನಾನು.

ಸ್ಪ್ರಿಂಗ್ ಅಂದರೆ ನಮ್ಮ ಅನ್ನ. ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ, ಆಚೆ ಈಚೆ ಲೇತ್ ಮಷೀನುಗಳ ಕಿರುಚಾಟದ ನಡುವೆ, ನಾನು ಶುರು ಮಾಡಿದ ಶೆಡ್ಡು ಇದೆ. ಉಕ್ಕಿನ ತಂತಿ ಸುತ್ತಿ ಸ್ಪ್ರಿಂಗ್ ಮಾಡುತ್ತೇವೆ. ಪೆನ್ನಿನೊಳಗೆ ಕೂರುವ ಸಣ್ಣದರಿಂದ ಹಿಡಿದು ಮುಷ್ಟಿಯಲ್ಲಿ ಹಿಡಿಯಲಾಗದ ದಪ್ಪನೆಯದರವರೆಗೆ. ನಾನು ಸುತ್ತಿದ ಸ್ಪ್ರಿಂಗೊಂದು ಹಾರಿಹೋಗಿ ಪಕ್ಕದ ಶೆಡ್ಡಿನವನ ಟೀ ಲೋಟಕ್ಕೆ ಬಿದ್ದ ಕಥೆಯನ್ನು ಆ ರಸ್ತೆಯಲ್ಲಿ ಈಗಲೂ ಹೇಳುತ್ತಾರೆ. ಬಿದ್ದದ್ದಲ್ಲ, ಬೀಳಿಸಿದ್ದು. ಅಷ್ಟು ಗುರಿ ಇದ್ದ ಕೈ ಇದು.

ಈಗ ಶೆಡ್ಡು ನನ್ನ ಮಗಳದು. ಮೆಕ್ಯಾನಿಕಲ್ ಓದಿದವಳು, ನನಗಿಂತ ಚುರುಕು. ಇದನ್ನು ಅವಳೆದುರು ನಾನು ಹೇಳುವುದಿಲ್ಲ. ನಮ್ಮ ದೊಡ್ಡ ಗಿರಾಕಿ ಪಂಪು ಮಾಡುವ ಒಂದು ಕಂಪನಿ. ಅವರು ಕಾರ್ಖಾನೆಯನ್ನೇ ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೊರಟರು. ದೀಪಾವಳಿಯ ಆಚೆಗೆ ಆರ್ಡರ್ ಇಲ್ಲ ಅಂದುಬಿಟ್ಟರು. ಶೆಡ್ಡಿನ ಬಾಡಿಗೆ ಕರಾರು ಮುಗಿಯುವುದೂ ಅದೇ ದೀಪಾವಳಿಗೆ.

“ಹೊಸಬ್ರು ಯಾರೂ ಸಿಗ್ಲಿಲ್ಲ ಅಂದ್ರೆ ಸುತ್ತೋ ಮಷೀನ್ ಮಾರಿಬಿಡ್ತೀನಿ ಅಪ್ಪಾ. ಎಲ್ಲಾದ್ರೂ ಕೆಲ್ಸಕ್ಕೆ ಸೇರ್ಕೋತೀನಿ,” ಅಂದಳು. ಹೇಳುವಾಗ ಅದೇ ಮಷೀನನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಮಾರುವ ಮಷೀನನ್ನು ಯಾರೂ ಹಾಗೆ ಮೂಲೆ ಮೂಲೆ ಒರೆಸುವುದಿಲ್ಲ.

ನನ್ನ ಕಾಲದಲ್ಲಿ ಗಿರಾಕಿ ಬರುತ್ತಿದ್ದದ್ದು ಟೀ ಅಂಗಡಿಯಲ್ಲಿ ದಾರಿ ಕೇಳಿಕೊಂಡು. ಈಗ ಎಲ್ಲರೂ ಫೋನಿನಲ್ಲಿ ಹುಡುಕುತ್ತಾರಂತೆ. ಮೊದಲ ಪುಟದಲ್ಲಿ ಕಾಣದವನು ಭೂಮಿಯ ಮೇಲೇ ಇಲ್ಲವಂತೆ. ಹಾಗಾಗಿ ನಮಗೂ ಒಂದು ವೆಬ್‌ಸೈಟ್ ಬೇಕಾಯಿತು. ಅದಕ್ಕೊಂದು ವಿಳಾಸದ ಹೆಸರು ಬೇಕು, ಡೊಮೇನ್ ಅನ್ನುತ್ತಾರೆ. ಬಾಡಿಗೆ ಮನೆಯ ಹಾಗೆ, ವರ್ಷ ವರ್ಷ ಕಟ್ಟಿ ಇಟ್ಟುಕೊಳ್ಳಬೇಕು.

ಹೆಸರು ಅಂದ ಮೇಲೆ ನಮ್ಮಲ್ಲಿ ನೆಂಟರನ್ನು ಕೇಳದೆ ಇಡುವುದುಂಟೆ? ಮನೆಯಲ್ಲಿ ಫೋನಿನ ಸ್ಪೀಕರ್ ಹಾಕಿ ಕೂತೆವು. ತಲೆ ಚಿಟ್ಟು ಹಿಡಿಯಿತು.

“ಮನೆದೇವ್ರ ಹೆಸರು ಮೊದಲು ಬರಬೇಕ್ರೀ ಭಾವ,” ದಾವಣಗೆರೆಯಿಂದ ಭಾವಮೈದುನನ ಗರ್ಜನೆ. “ದೇವ್ರನ್ನ ಬಿಟ್ಟು ಯಾವುದನ್ನ ಸುರು ಮಾಡೀವಿ ನಾವು?”

“ಮಾವಾ, ಬೋರ್ಡ್ ಮೇಲಿರೋ ಹೆಸ್ರೇ ಸಾಕು,” ಅಂದಳು ಮಗಳು. ಬೋರ್ಡಿನ ಮೇಲಿರುವುದು ಎರಡೇ ಪದ: ನನ್ನ ತಾಯಿಯ ಹೆಸರು, ಅದರ ಮುಂದೆ ಸ್ಪ್ರಿಂಗ್ಸ್.

ನಾನು ಅಷ್ಟರಲ್ಲಿ ಪಂಡಿತನಾಗಿದ್ದೆ. ಫೋನಿನಲ್ಲಿ ಒಬ್ಬ ಗಡ್ಡದ ಹುಡುಗನ ವಿಡಿಯೊ ನೋಡಿದ್ದೆ. ಜನ ಏನನ್ನು ಟೈಪ್ ಮಾಡಿ ಹುಡುಕುತ್ತಾರೋ ಅದನ್ನೇ ಹೆಸರಾಗಿಟ್ಟರೆ ಮೊದಲ ಸ್ಥಾನ ಗ್ಯಾರಂಟಿ ಅಂತ ಅವನು ಎದೆ ತಟ್ಟಿ ಹೇಳಿದ್ದ. ಅದರಂತೆ ನಾನು ಬೆಸ್ಟ್, ಕಂಪ್ರೆಶನ್, ಸ್ಪ್ರಿಂಗ್, ಮ್ಯಾನುಫ್ಯಾಕ್ಚರರ್, ಪೀಣ್ಯ, ಬೆಂಗಳೂರು ಎಲ್ಲವನ್ನೂ ಸಂದಿಲ್ಲದೆ ಜೋಡಿಸಿ, ಬಾಲಕ್ಕೆ ಡಾಟ್ ಕಾಮ್ ಕಟ್ಟಿ ಒಂದೇ ಉಸಿರಿನಲ್ಲಿ ಓದಿದೆ. ಅದೇ ಹೊತ್ತಿಗೆ ನಮ್ಮ ಬಾಲ್ಕನಿಯ ಕೆಳಗೆ ಚಿಕ್ಕಬಾಣಾವರ ಸ್ಟೇಷನ್ ಕಡೆಗೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು.

“ಯಾವುದು ಮೊದ್ಲು ಮುಗೀತು ನೋಡ್ರೀ,” ಅಂದಳು ನನ್ನ ಹೆಂಡತಿ. “ಗಾಡಿನೋ, ನಿಮ್ ಹೆಸರೋ?”

ಇಂಥ ಮಾತಿಗೆ ಸೋಲುವ ಪಿಂಡವೇ ಇದು? ಮಾರನೆಯ ದಿನ ಭಾವಮೈದುನನಿಗೆ ಗುಟ್ಟಾಗಿ ಫೋನ್ ಮಾಡಿದೆ. “ದೇವ್ರ ಹೆಸ್ರಿಡಬೋದು ಕಣಪ್ಪಾ. ಆದ್ರೆ ಪೀಣ್ಯದಲ್ಲಿ ಕಂಡ ಕಂಡೋರು ಗ್ರೀಸ್ ಕೈಯಲ್ಲಿ, ಬೀಡಿ ಬಾಯಲ್ಲಿ ಅದನ್ನ ಒತ್ತಿ ಒತ್ತಿ ತೆಗೀತಾರೆ. ನಿಂಗೆ ಪರವಾಗಿಲ್ವಾ?” “ಬ್ಯಾಡ ಬಿಡ್ರಿ ಭಾವ,” ಅಂದ. ಮಗಳಿಗೆ ಹೇಳಿದ್ದು ಬೇರೆ: “ಅಜ್ಜಿ ಹೆಸ್ರು ಯಾರೋ ಆಗ್ಲೇ ತಗೊಂಡ್ಬಿಟ್ಟಿದಾರಮ್ಮಾ. ಸ್ವಲ್ಪ ತಡ ಆಯ್ತು.” ಅವಳು ಪಂಪಿನವರ ಕೊನೆಯ ಆರ್ಡರಿನಲ್ಲಿ ಮುಳುಗಿದ್ದಳು. ಹೂಂ ಅಂದಳು. ನನ್ನ ಗೂಡ್ಸ್ ಗಾಡಿ ಹಳಿ ಏರಿತು.

ವೆಬ್‌ಸೈಟ್ ಶುರುವಾದ ದಿನ ಭಾವಮೈದುನ ತನ್ನ ಮನೆಯ ದೇವರ ಮುಂದೆ ಫೋನನ್ನು ಒರಗಿಸಿಟ್ಟು, ಅದಕ್ಕೆ ಆರತಿ ಎತ್ತಿ, ತೆಂಗಿನಕಾಯಿ ಒಡೆದು, ಅದನ್ನೆಲ್ಲ ಅದೇ ಫೋನಿನಿಂದ ಕುಟುಂಬದ ಗ್ರೂಪಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದ. ಕಾಯಿ ನೀರು ಫೋನಿನೊಳಕ್ಕೆ ಹೋಗಿ ವಿಡಿಯೊ ಅರ್ಧಕ್ಕೇ ನಿಂತಿತು.

ಆಮೇಲೆ ಹುಡುಕಿ ನೋಡಿದರೆ ನಾವು ಎಲ್ಲೂ ಇಲ್ಲ. ಮೊದಲ ಪುಟದಲ್ಲಿಲ್ಲ, ಮುಂದಿನದರಲ್ಲೂ ಇಲ್ಲ. ಸ್ಪ್ರಿಂಗ್ ಹಾಸಿಗೆ ಮಾರುವವರು, ಸ್ಪ್ರಿಂಗ್ ರೋಲ್ ಮಾರುವವರು, ಎಲ್ಲರೂ ಇದ್ದಾರೆ. ಗಡ್ಡದ ಹುಡುಗನ ಗ್ಯಾರಂಟಿಗೆ ಬೆಂಕಿ ಬಿತ್ತು ಅಂದುಕೊಂಡೆ. ಆದರೆ ನನ್ನ ತಲೆ ಸುಮ್ಮನೆ ಕೂರುವುದಲ್ಲವಲ್ಲ. ಜನ ಹೆಚ್ಚು ಒತ್ತಿದಷ್ಟೂ ಮೇಲೆ ಬರುತ್ತದೆ ಅಂತ ಅದೇ ಹುಡುಗ ಇನ್ನೊಂದು ವಿಡಿಯೊದಲ್ಲಿ ಹೇಳಿದ್ದ. ಜನಕ್ಕೇನು ಬರವೇ? ನಮ್ಮ ಮನೆಯ ಮದುವೆಗೆ ಛತ್ರ ಸಾಲದು.

ಭಾವಮೈದುನನಿಗೆ ಒಂದು ಮಾತು ಹೇಳಿದ್ದಷ್ಟೆ. ಅವನು ಅದನ್ನೊಂದು ವ್ರತವನ್ನೇ ಮಾಡಿಬಿಟ್ಟ. ಪೂಜೆಯಾದ ಕೂಡಲೇ ಎಲ್ಲರೂ ಹುಡುಕಬೇಕು, ನಮ್ಮ ಹೆಸರು ಸಿಗುವವರೆಗೂ ಪುಟ ತಿರುವಬೇಕು, ಸಿಕ್ಕಾಗ ಒತ್ತಬೇಕು, ಒತ್ತಿದ ಮೇಲೆ ಗ್ರೂಪಿನಲ್ಲಿ ‘ಆಯ್ತು’ ಅಂತ ಹಾಕಬೇಕು. ಹಾಕದವರನ್ನು ಅವನು ಫೋನ್ ಮಾಡಿ ಉಗಿಯುತ್ತಿದ್ದ. ಕಣ್ಣಿನ ಆಪರೇಷನ್ ಆಗಿ ಹಸಿರು ಪಟ್ಟಿ ಕಟ್ಟಿಕೊಂಡಿದ್ದ ಚಿಕ್ಕಮ್ಮ ಕೂಡ ಸೊಸೆಯ ಬೆರಳು ಹಿಡಿದು ಒತ್ತಿಸಿದಳಂತೆ.

ಏನಾಯಿತು ಗೊತ್ತೆ? ಮೇಲೆ ಬಂದೆವು! ಕೆಲವೇ ವಾರಗಳಲ್ಲಿ ನನ್ನ ಫೋನಿನಲ್ಲಿ ನಾವೇ ಮೊದಲು. ದಾವಣಗೆರೆಯ ಫೋನುಗಳಲ್ಲೂ ನಾವೇ ಮೊದಲು. ಗ್ರೂಪಿನಲ್ಲಿ ಪಟಾಕಿ, ಹೂವು, ಕೈಮುಗಿದ ಚಿತ್ರಗಳು. ನಾನು ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೂ ಪೇಡ ಹಂಚಿದೆ.

“ಅಪ್ಪಾ, ಮೊದ್ಲು ಬಂದಿದೀವಿ ಅಂತೀಯ. ಒಂದಾದ್ರೂ ಫೋನ್ ಯಾಕೆ ಬರ್ತಿಲ್ಲ?” ಅಂದಳು ಮಗಳು.

“ಬರುತ್ತೆ ಇರಮ್ಮಾ. ಒಳ್ಳೇ ಗಿರಾಕಿ ಯೋಚ್ನೆ ಮಾಡಿ ಬರ್ತಾನೆ.”

ಬಂದದ್ದು ಎರಡು ಥರದ ಫೋನು. ಒಂದು, ನಂಬರ್ ಸರಿಯಾಗಿದೆಯಾ ಅಂತ ಪರೀಕ್ಷಿಸುವ ನೆಂಟರದು. ಇನ್ನೊಂದು, ‘ಸಾರ್, ನಿಮ್ಮ ವೆಬ್‌ಸೈಟನ್ನ ನಂಬರ್ ಒನ್ ಮಾಡಿಕೊಡ್ತೀವಿ’ ಅನ್ನುವವರದು. ನಾವು ಆಗಲೇ ನಂಬರ್ ಒನ್ ಕಣಯ್ಯಾ ಅಂತ ಅವರನ್ನು ಗೋಳು ಹೊಯ್ದುಕೊಂಡೆ. ಶೆಡ್ಡಿನಲ್ಲಿ ಸುತ್ತುವ ಮಷೀನು ಮಧ್ಯಾಹ್ನಕ್ಕೇ ನಿಲ್ಲತೊಡಗಿತ್ತು. ಮಷೀನು ನೋಡಲು ಕೊಳ್ಳುವವನೊಬ್ಬ ಒಮ್ಮೆ ಬಂದೂ ಹೋದ.

ಅಷ್ಟರಲ್ಲಿ ಮಗಳ ಕ್ಲಾಸ್‌ಮೇಟ್ ಒಬ್ಬಳ ಮೂಲಕ ಜಿಗಣಿಯ ಒಂದು ಕಾರ್ಖಾನೆಯಲ್ಲಿ ಮಾತಾಡಲು ಅವಕಾಶ ಸಿಕ್ಕಿತು. ಪ್ಯಾಕಿಂಗ್ ಮಷೀನು ಮಾಡುವವರು. ಅಲ್ಲಿ ಸಾಮಾನು ಖರೀದಿ ನೋಡಿಕೊಳ್ಳುವ ಮೇಡಂ ನಮ್ಮ ಸ್ಯಾಂಪಲ್‌ಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಮಗಳು ಚೆನ್ನಾಗಿ ಮಾತಾಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

“ಮೇಡಂ, ನಮ್ ಬಗ್ಗೆ ನಾವೇ ಯಾಕೆ ಹೇಳ್ಕೋಬೇಕು? ನಿಮ್ ಕಂಪ್ಯೂಟರಲ್ಲೇ ಹುಡುಕಿ. ಪೀಣ್ಯದಲ್ಲಿ ಸ್ಪ್ರಿಂಗ್ ಅಂದ್ರೆ ನಾವೇ ಮೊದ್ಲು.”

ಮೇಡಂ ಹುಡುಕಿದರು. ನಾವಿಲ್ಲ. ಕೆಳಕ್ಕೆ ಹೋದರು. ಇಲ್ಲ. ಮುಂದಿನ ಪುಟ, ಅದರ ಮುಂದಿನದು. ಹಾಸಿಗೆಯವರಿದ್ದಾರೆ, ನಾವಿಲ್ಲ.

“ನಿಮ್ ಕಂಪ್ಯೂಟರ್ ಸರಿ ಇಲ್ಲ ಅನ್ಸುತ್ತೆ,” ಅಂದು ನನ್ನ ಫೋನ್ ತೆಗೆದು ತೋರಿಸಿದೆ. ಮೊದಲ ಸಾಲಿನಲ್ಲೇ ನಮ್ಮ ಗೂಡ್ಸ್ ಗಾಡಿ.

ಮೇಡಂ ನಕ್ಕರು. “ದಿನಾ ಒತ್ತುತ್ತೀರಾ ಸಾರ್ ಇದನ್ನ?”

“ನಾನೊಬ್ನೇ ಅಲ್ಲ, ಇಡೀ ಮನೆತನ!”

“ಅದಕ್ಕೇ. ನೀವು ದಿನಾ ನೋಡೋದನ್ನ ನಿಮ್ ಫೋನು ನೆನಪಿಟ್ಕೊಂಡು ನಿಮಗೇ ಮೊದ್ಲು ತೋರ್ಸುತ್ತೆ. ನಿಮ್ ಫೋನ್ ನಿಮಗೆ ಮರ್ಯಾದೆ ಕೊಡ್ತಿದೆ ಅಷ್ಟೇ. ನಂಗೆ ಯಾಕೆ ತೋರ್ಸುತ್ತೆ?”

ಆಮೇಲೆ ನಮ್ಮ ವೆಬ್‌ಸೈಟ್ ತೆರೆದರು. ಒಳಗೆ ಹಾರ ಹಾಕಿಕೊಂಡ ನನ್ನ ಫೋಟೊ, ಗುಣಮಟ್ಟವೇ ನಮ್ಮ ಉಸಿರು ಅನ್ನುವ ಸಾಲು, ಅಷ್ಟೆ. “ನಾನು ಹುಡುಕೋದು ಮಷೀನ್ ನಿಂತಾಗ ಸಾರ್. ತಂತಿ ಎಷ್ಟು ದಪ್ಪ, ಸುತ್ತಿನ ಅಗಲ ಎಷ್ಟು, ಎಷ್ಟು ಭಾರ ತಡೆಯುತ್ತೆ, ಅದನ್ನ ಹಾಕಿ ಹುಡುಕ್ತೀನಿ. ಅದು ನಿಮ್ ಪೇಜಲ್ಲಿ ಎಲ್ಲಿದೆ? ಹೆಸ್ರು ಎಷ್ಟೇ ಉದ್ದ ಇಟ್ರೂ ಒಳಗೆ ಏನೂ ಇಲ್ದಿದ್ರೆ ಬರಲ್ಲ. ಇನ್ನೊಬ್ರಿಗೆ ಹೇಳೋಕ್ಕೆ ಬರೋ ಹೆಸ್ರಿದ್ರೆ ಸಾಕು. ಇದನ್ನ ನಾನು ನಮ್ ಸ್ಟೋರ್ಸ್‌ನವ್ರಿಗೆ ಫೋನಲ್ಲಿ ಹೇಳೋಕ್ಕಾಗುತ್ತಾ? ನಿಮ್ ಬೋರ್ಡ್ ಮೇಲೆ ಏನಿದೆ?”

ಮಗಳು ಹೇಳಿದಳು. “ಅದನ್ನ ಯಾರೋ ತಗೊಂಡ್ಬಿಟ್ಟಿದಾರೆ ಮೇಡಂ.”

ಮೇಡಂ ಟೈಪ್ ಮಾಡಿ ನೋಡಿದರು. “ಇಲ್ವಲ್ಲಾ, ಖಾಲಿ ಇದೆ.”

ಮಗಳು ನನ್ನ ಕಡೆ ತಿರುಗಿದಳು. ನಾನು ಮೇಜಿನ ಮೇಲಿದ್ದ ಸ್ಯಾಂಪಲ್ ಸ್ಪ್ರಿಂಗನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ವಾಪಸ್ ಬರುವಾಗ ಕಾರಿನಲ್ಲಿ ಸಿಕ್ಕಿತು ನೋಡಿ ಮಂಗಳಾರತಿ. “ಅಜ್ಜಿ ಹೆಸ್ರು ಅಪ್ಪಾ ಅದು! ಖಾಲಿ ಬಿದ್ದಿರೋದನ್ನ ಯಾರೋ ತಗೊಂಡಿದಾರೆ ಅಂದ್ಯಲ್ಲಾ! ಪಕ್ಕದೋರ ಟೀ ಲೋಟಕ್ಕೆ ಸ್ಪ್ರಿಂಗ್ ಹಾಕೋದೂ ಒಂದೇ, ನನ್ ಶೆಡ್ಡೂ ಒಂದೇನಾ ನಿಂಗೆ? ದೀಪಾವಳಿಗೆ ಇನ್ನೆಷ್ಟು ತಿಂಗ್ಳಿದೆ? ಇಷ್ಟು ದಿನ ನಾನು ಫೋನ್ ಪಕ್ಕ ಇಟ್ಕೊಂಡು ಕೂತಿದ್ದೆ, ಗೊತ್ತಾ?” ಸಿಗ್ನಲ್ ಸಿಗ್ನಲ್‌ಗೂ ಹೊಸ ಅಧ್ಯಾಯ. ನಾನು ಕಿಟಕಿಯಾಚೆಯ ಲಾರಿಗಳನ್ನು ಎಣಿಸುತ್ತಾ ಕೂತೆ.

ಮಾರನೆಯ ಬೆಳಿಗ್ಗೆ ಅವಳು ಅಜ್ಜಿಯ ಹೆಸರನ್ನು ತೆಗೆದುಕೊಂಡಳು. ನನ್ನ ಹಾರದ ಫೋಟೊ ಹೋಯಿತು. ಅದರ ಜಾಗದಲ್ಲಿ ಒಂದೊಂದು ಬಗೆಯ ಸ್ಪ್ರಿಂಗಿಗೂ ಒಂದೊಂದು ಪುಟ: ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಚಿತ್ರ, ತಂತಿಯ ದಪ್ಪ, ಯಾವ ಮಷೀನಿನಲ್ಲಿ ಕೂರುತ್ತದೆ ಅನ್ನುವ ವಿವರ. ಮುರಿದುಹೋದ ಸ್ಪ್ರಿಂಗನ್ನು ಮನೆಯಲ್ಲೇ ಅಳೆಯುವುದು ಹೇಗೆ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಳು. ಕೈಯೊಂದು ಬೇಕಿತ್ತು, ಫೋಟೊದಲ್ಲಿ ಅಳತೆ ತೋರಿಸಲು. ನನ್ನದನ್ನೇ ಹಾಕಿದಳು. ಮುಖ ಬೇಡವಂತೆ.

ಸ್ವಲ್ಪ ಕಾಲ ಏನೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಶೆಡ್ಡಿನ ಫೋನು ಹೊಡೆದುಕೊಂಡಿತು. ಆನೇಕಲ್ ಕಡೆಯವರು, ರಾಗಿ ಶುದ್ಧ ಮಾಡುವ ಮಷೀನು ತಯಾರಿಸಿ ಮಾರುವವರು. ನಾನು ಕೈ ಚಾಚುವಷ್ಟರಲ್ಲಿ ಮಗಳು ಫೋನ್ ಎತ್ತಿ ಸ್ಪೀಕರಿಗೆ ಹಾಕಿದಳು.

“ಅಕ್ಕಾ, ನೀವು ಬರ್ದಿರೋ ಅಂಗೇ ಅಳತೆ ಮಾಡಿವ್ನಿ. ಮುರಿದೋಗೈತೆ. ಇಂಗೇ ಇರೋದು ಇನ್ನೊಂದಿಷ್ಟು ಬೇಕಾಯ್ತದೆ. ಮಾಡ್ಕೊಡ್ತೀರಾ?”

ಅವರು ನಮ್ಮ ನೆಂಟರಲ್ಲ, ನೆಂಟರ ನೆಂಟರೂ ಅಲ್ಲ. ಮಗಳು ಅಳತೆ ಬರೆದುಕೊಂಡು, ಫೋನ್ ಇಟ್ಟು, ನೇರ ಹೋಗಿ ಮಷೀನಿನ ಸ್ವಿಚ್ ಹಾಕಿದಳು. ತಂತಿ ಇನ್ನೂ ಹಚ್ಚಿರಲಿಲ್ಲ. ಖಾಲಿ ಮಷೀನೇ ಸುತ್ತತೊಡಗಿತು.

ಅದೇನು ಹೊಳೆಯಾಗಿ ಹರಿಯಲಿಲ್ಲ. ಒಂದೊಂದೇ ಬಂತು. ಜಿಗಣಿಯ ಮೇಡಂ ಕೂಡ ಒಂದು ಡ್ರಾಯಿಂಗ್ ಕಳಿಸಿದರು. ಶೆಡ್ಡಿನ ಅರ್ಧವನ್ನು ಬಿಟ್ಟುಕೊಟ್ಟು, ಉಳಿದರ್ಧಕ್ಕೆ ಮಗಳು ಹೊಸ ಕರಾರು ಮಾಡಿಕೊಂಡಳು. ಮಷೀನು ಕೊಳ್ಳಲು ಬಂದಿದ್ದವನಿಗೆ ಫೋನ್ ಮಾಡಿ, ಇಲ್ಲ, ಕೊಡಲ್ಲ ಅಂದಳು. ಆಯುಧಪೂಜೆಗೆ ಅದರ ಮೈಮೇಲೆ ಚೆಂಡುಹೂವಿನ ಹಾರ ಬಿತ್ತು.

ಭಾವಮೈದುನನದು ಮಾತ್ರ ಇನ್ನೂ ಮುಗಿಯದ ರಗಳೆ. ಹಳೇ ಹೆಸರು ಬೇಡ ಕಣಪ್ಪಾ, ನಿಲ್ಲಿಸು ಅಂದರೆ, “ಹಿಡಿದ ನೇಮ ನಡುವೆ ಬಿಡಬಾರ್ದ್ರೀ ಭಾವ. ಮಗಳ ಮಷೀನ್ ಉಳೀತೋ ಇಲ್ಲೋ? ಯಾರಿಂದ ಅಂತೀರಿ?” ಅನ್ನುತ್ತಾನೆ. ಇವತ್ತು ಬೆಳಿಗ್ಗೆಯೂ ಗ್ರೂಪಿನಲ್ಲಿ ‘ಆಯ್ತು’ಗಳ ಸುರಿಮಳೆ. ನಾನು ಹಣೆ ಚಚ್ಚಿಕೊಂಡೆ.

ಇದರಲ್ಲಿ ಒಂದೇ ಒಂದನ್ನು ನಾನು ಕಟ್ಟಿ ಹೇಳಿದ್ದು. ಅದು ತೆಂಗಿನಕಾಯಿಯ ಕಥೆ ಅಂದುಕೊಂಡಿದ್ದೀರಿ; ಅಲ್ಲ, ಆ ನೀರು ಕುಡಿದ ಫೋನು ಇನ್ನೂ ಅವನ ಬಳಿ ಇದೆ. ಚಿಕ್ಕಮ್ಮನ ಹಸಿರು ಪಟ್ಟಿಯೂ ನಿಜ. ಕಾರಿನಲ್ಲಿ ಮಗಳು ಬೈದದ್ದು ಮಾತ್ರ ಸುಳ್ಳು. ಜಿಗಣಿಯಿಂದ ಪೀಣ್ಯದವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಏನಾದರೊಂದು ತಮಾಷೆ ಮಾಡಿ ಪಾರಾಗುತ್ತಿದ್ದೆ.