ಕೆಂಪು, ಹಸಿರು ಸೇರಿದರೆ ಹಳದಿ

ನಾನಾಗ ಸಿರುಗುಪ್ಪದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಗೆ ಕುರುಗೋಡಿಗೆ, ಅಕ್ಕನ ಮನೆಗೆ ಹೋಗಿದ್ದೆ. ಭಾವ ತನ್ನ ಖಾಲಿ ಹತ್ತಿ ಗೋದಾಮಿನಲ್ಲಿ ವಿಡಿಯೋ ಸಿನಿಮಾ ತೋರಿಸಲು ಬಳ್ಳಾರಿಯಿಂದ ಪ್ರೊಜೆಕ್ಟರ್ ತರಿಸಿದ್ದ. ಅದಕ್ಕೆ ಸಾಲಾಗಿ ಮೂರು ಲೆನ್ಸು: ಒಂದು ಕೆಂಪು, ಒಂದು ಹಸಿರು, ಒಂದು ನೀಲಿ.

ಜೋಡಿಸಿಕೊಟ್ಟ ಮೆಕ್ಯಾನಿಕ್ "ಇದನ್ನ ಕದಲಿಸಬ್ಯಾಡ್ರಿ" ಎಂದು ಹೇಳಿ ಬಳ್ಳಾರಿಗೆ ಮರಳಿದ್ದ. ಮೊದಲ ಆಟದ ದಿನ ಬೆಳಿಗ್ಗೆ ಭಾವ ಕಸ ಗುಡಿಸಲೆಂದು ಯಂತ್ರವಿದ್ದ ಮೇಜನ್ನೇ ಎಳೆದುಬಿಟ್ಟ. ಆಮೇಲೆ ಯಂತ್ರ ಹಚ್ಚಿ ನೋಡಿದರೆ ಪರದೆಯ ಮೇಲೆ ಒಬ್ಬ ಮನುಷ್ಯ ಮೂವರಾಗಿದ್ದ. ಕೆಂಪು ಮೂಗು ಒಂದು ಕಡೆ, ಹಸಿರು ಮೂಗು ಒಂದು ಕಡೆ.

"ಬಣ್ಣದ ಮಾಸ್ತರ ಮನ್ಯಾಗ ಇದ್ದಾಗ ನನಗ್ಯಾತರ ಚಿಂತಿ? ಸರಿ ಮಾಡು" ಎಂದ ಭಾವ.

ಯಂತ್ರದ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆರೆದೆ. ಒಂದೊಂದು ಶಬ್ದ ಗೊತ್ತಿತ್ತು, ಕೂಡಿದಾಗ ಏನೂ ತಿಳಿಯುತ್ತಿರಲಿಲ್ಲ. "ಥ್ರೋ ಸರಿಯಿರಬೇಕಂತ" ಎಂದು ಓದಿದೆ.

"ಥ್ರೋ ಅಂದ್ರ?"

"ಎಸಿಯೋದು."

"ಏನ ಎಸೀಬೇಕು?"

ಆ ಪುಟವನ್ನೇ ಮತ್ತೆ ಮತ್ತೆ ಓದಿದೆ. ಬಹಳ ಹೊತ್ತಿನ ಮೇಲೆ, ಯಂತ್ರದಿಂದ ಪರದೆಗಿರುವ ದೂರವಿರಬೇಕು ಎನಿಸಿತು. ಅಂದಾಜಿನ ಮೇಲೆ ಮೇಜನ್ನು ಮೊದಲಿನ ಜಾಗಕ್ಕೆ ತಂದೆವು. ಮುಂದಿನ ಪುಟದಲ್ಲಿ ಪರದೆಯ 'ಗೇನ್' ಎಂದಿತ್ತು. ಗೇನ್ ಎಂದರೆ ಲಾಭ ಎಂದೆ. "ಎಷ್ಟ ಬರ್ತೈತಂತ?" ಎಂದು ಭಾವ ಪುಸ್ತಕದ ಮೇಲೆ ಬಗ್ಗಿದ. ಅದು ಪರದೆ ಬೆಳಕನ್ನು ಪ್ರತಿಫಲಿಸುವ ಶಕ್ತಿಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ.

ಒಂದು ಗುಂಡಿ ಒತ್ತಿದಾಗ ಪರದೆ ತುಂಬ ಚೌಕುಳಿ ಗೆರೆಗಳು ಬಂದವು, ಮೂರು ಬಣ್ಣದಲ್ಲಿ. ಮೂರನ್ನೂ ಒಂದರ ಮೇಲೊಂದು ಕೂಡಿಸಬೇಕೆಂದು ಪುಸ್ತಕ ಹೇಳುತ್ತಿತ್ತು. ಕಣ್ಣಿಗೆ ಗೊಂದಲವಾಗಬಾರದೆಂದು ಅಕ್ಕ ನೀಲಿ ಲೆನ್ಸಿನ ಮುಂದೆ ಊಟದ ತಟ್ಟೆ ಅಡ್ಡ ಹಿಡಿದಳು. ನಾನು ಗುಂಡಿ ತಿರುಗಿಸಿ ಕೆಂಪು ಗೆರೆಗಳನ್ನು ಹಸಿರಿನ ಹತ್ತಿರ ಸರಿಸುತ್ತ ಹೋದೆ. ಒಂದಕ್ಕೊಂದು ತಾಗಿದ್ದೇ ತಡ, ಗೆರೆಗಳೆಲ್ಲ ಹಳದಿಯಾದವು.

ಗಾಬರಿಯಾಯಿತು. ಕೆಂಪಿಗೆ ಹಸಿರು ಬೆರೆಸಿದರೆ ಕೆಸರಿನ ಬಣ್ಣ ಬರುತ್ತದೆಂದು ವರ್ಷಗಟ್ಟಲೆ ಕಲಿಸಿದವನು ನಾನು. ಎಲ್ಲೋ ಕೆಡಿಸಿದೆ ಎಂದುಕೊಂಡು ಮತ್ತೆ ಬೇರ್ಪಡಿಸಿದೆ. ಮತ್ತೆ ಕೂಡಿಸಿದೆ, ಮತ್ತೆ ಹಳದಿ. ಮತ್ತೆ ಬಿಡಿಸಿದೆ.

"ಲೇ ತಮ್ಮಾ, ಹಳದಿ ಬಂದಾಗ ಗೆರಿ ಒಂದ ಇತ್ತಲ್ಲೋ. ಯಾಕ ಕೆಡಸ್ತೀ?" ಎಂದಳು ಅಕ್ಕ. ಹಿಡಿದು ಹಿಡಿದು ಅವಳ ಕೈ ಸೋತಿತ್ತು.

"ಹಳದಿ ಬರಬಾರದಕ್ಕಾ."

"ಬರಬಾರದು ಅಂದ್ರ? ಬಂದೈತಲ್ಲ!"

ಮತ್ತೊಮ್ಮೆ ಕೂಡಿಸಿ, ಹಳದಿಯನ್ನು ಹಾಗೇ ಬಿಟ್ಟೆ. ಅಕ್ಕ ತಟ್ಟೆ ತೆಗೆದಳು. ನೀಲಿಯನ್ನೂ ಸರಿಸಿ ಕೂಡಿಸಿದಾಗ ಗೆರೆಗಳು ಬೆಳ್ಳಗಾದವು. ಭಾವ ಚಪ್ಪಾಳೆ ತಟ್ಟಿದ. ನನಗೆ ಮಾತ್ರ, ಯಾರದೋ ಕೈ ನನ್ನ ಕೈ ಹಿಡಿದು ಕೆಲಸ ಮಾಡಿಸಿದಂತೆ ಇತ್ತು.

ಸಂಜೆ ಆಟ ನಡೆಯಿತು. ನಡುವೆ ಚಿತ್ರ ಸ್ವಚ್ಛವಿತ್ತು, ಪರದೆಯ ಅಂಚಿಗೆ ಹೋದ ಪಾತ್ರಗಳಿಗೆಲ್ಲ ಕೆಂಪು ನೆರಳು ಹತ್ತುತ್ತಿತ್ತು. ಜನ ಅದನ್ನು ತಪ್ಪೆಂದು ತಿಳಿಯಲೇ ಇಲ್ಲ. ಬಾದನಹಟ್ಟಿಯಿಂದ ಬಂದಿದ್ದ ಒಬ್ಬ ಮುದುಕಿ, "ಕಳ್ಳರಿಗೆ ಕೆಂಪು ಹಚ್ಯಾರ, ಛಲೋ ಗುರ್ತ ಸಿಗ್ತೈತಿ" ಎಂದಳು.

ಆ ವಾರ ಮೆಕ್ಯಾನಿಕ್ ಬಂದು ಅಂಚನ್ನೂ ಸರಿಮಾಡಿದ. ಕೆಂಪು, ಹಸಿರು ಕೂಡಿ ಹಳದಿ ಹೇಗಾಗುತ್ತದೆಂದು ಕೇಳಿದೆ. "ನನಗೂ ಗೊತ್ತಿಲ್ರಿ ಸಾರ್, ಹಂಗ ಬರ್ತೈತಿ" ಎಂದ. ರಜೆ ಮುಗಿದ ಮೇಲೆ ಸ್ಕೂಲಿನ ವಿಜ್ಞಾನದ ಮೇಡಂ, ಕುಂಚದಿಂದ ಹಚ್ಚುವ ಬಣ್ಣ ಬೆಳಕನ್ನು ನುಂಗುತ್ತದೆ, ಯಂತ್ರ ಬೆಳಕನ್ನೇ ಕೂಡಿಸುತ್ತದೆ ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ತಲೆಯಾಡಿಸಿದೆ. ಅವರ ಎದುರು ತಿಳಿದಂತಿದ್ದದ್ದು ಸ್ಟಾಫ್ ರೂಮಿನ ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕಲಸಿಹೋಗಿತ್ತು.