ಹವಾ ಬದಲಿಗೆ ಗುಡ್ಡ ಹತ್ತಿದ್ದು

ನನ್ನ ಹೆಂಡತಿಗೆ ವಿಷಮಜ್ವರ ಬಂದಾಗ ನಾವು ಗಂಗಾವತಿಯಲ್ಲಿದ್ದೆವು. ನಲವತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮನೆಯಲ್ಲಿ ಅವ್ವ, ಹೆಂಡತಿ, ನಾನು, ಮೂವರೇ. ಜ್ವರ ಇಳಿಯಲು ನಲವತ್ತು ದಿನ ಹಿಡಿಯಿತು. ಇಳಿದ ಮೇಲೂ ಅವಳಿಗೆ ನಡೆಯಲು ಆಗಲಿಲ್ಲ. ಗೋಡೆ ಹಿಡಿದು ಹೊಸ್ತಿಲವರೆಗೆ ಬಂದರೆ ಅಲ್ಲೇ ಕುಸಿದು ಕೂರುತ್ತಿದ್ದಳು. ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಕೈಗೆ ಬರುತ್ತಿತ್ತು. ಆಡುವ ಮಾತೂ ಕಡಿಮೆಯಾಗಿತ್ತು.

ಹಕೀಮರು ಒಂದು ದಿನ ನಾಡಿ ನೋಡಿ, “ಔಷಧದ ಕೆಲಸ ಮುಗದೈತ್ರಿ ಮಾಸ್ತರ. ಇನ್ನ ಈಕಿಗೆ ಹವಾ ಬದಲ್ ಆಗಬೇಕು,” ಎಂದು ಹೇಳಿ ಹೋದರು.

ಹವಾ ಬದಲಿಗೆಂದು ದೊಡ್ಡ ಮನೆತನದವರು ರೈಲು ಹತ್ತಿ ದೂರದ ತಂಪು ಊರುಗಳಿಗೆ ಹೋಗುತ್ತಿದ್ದರು. ಅಂಥ ಊರುಗಳಲ್ಲಿ ನಮ್ಮವರು ಯಾರೂ ಇರಲಿಲ್ಲ. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ, “ಆ ಗುಡ್ಡದ ಮ್ಯಾಲೂ ಹವಾ ಇರತೈತಲ್ರಿ?” ಎಂದಳು.

ಅದು ಕನಕಗಿರಿಯ ದಾರಿಯಲ್ಲಿದ್ದ ಗುಡ್ಡ. ಒಂದರ ಮೇಲೊಂದು ಬಂಡೆ, ನಡುನಡುವೆ ಸೀತಾಫಲದ ಗಿಡಗಳು. ಅಧಿಕಾರಿಗಳ ಬೇಟೆಗಾಗಿ ಸರ್ಕಾರ ಅದನ್ನು ಕಾಯ್ದಿಟ್ಟಿತ್ತು. ಅಲ್ಲಿ ಉಳಿಯಬೇಕೆಂದರೆ ಜಂಗಲಾತ್ ಕಚೇರಿಯ, ಅಂದರೆ ಅರಣ್ಯ ಕಚೇರಿಯ ಪರವಾನಗಿ ಬೇಕಿತ್ತು.

ಅವ್ವನಿಗೆ ಈ ವಿಚಾರ ಸ್ವಲ್ಪವೂ ಸೇರಲಿಲ್ಲ. “ಕರಡಿ ಅದಾವು ಅಲ್ಲಿ. ಜಡ್ಡಿನಿಂದ ಎದ್ದ ಹೆಣ್ಣಮಗಳನ್ನ ಒಯ್ದು ಕರಡಿ ಮುಂದ ಕುಂದರಸ್ತೀಯೇನ?” ಎಂದು ಎರಡು ದಿನ ನನ್ನೊಡನೆ ಮುಖಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ನಾನು ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ.

ಅಲ್ಲಿದ್ದ ಗುಮಾಸ್ತರು ನೆರೆತ ಗಡ್ಡದ ಮುಸಲ್ಮಾನರು. ಅರ್ಜಿಯನ್ನು ಪಕ್ಕಕ್ಕಿಟ್ಟು, ಬೇಟೆಯವರಿಗೆಂದು ಅಚ್ಚಾದ ಒಂದು ಕಾಗದ ತೆಗೆದು ಲೇಖನಿ ಅದ್ದಿದರು.

“ಬಂದೂಕು ಎಷ್ಟು ಒಯ್ತೀರಿ ಮಾಸ್ತರ?”

“ಒಂದೂ ಇಲ್ರಿ.”

“ಹಂಗಾರ ಏನ ಹೊಡ್ಯಾಕ ಹೊಂಟೀರಿ? ಹಂದಿನೋ ಚಿಗರಿನೋ?”

“ಏನೂ ಹೊಡಿಯೂದಿಲ್ರಿ. ಹೆಂಡತೀನ್ನ ಕರಕೊಂಡು ನಾಕು ದಿನ ಇದ್ದು ಬರ್ತೀನಿ.”

ಅವರು ಲೇಖನಿ ಕೆಳಗಿಟ್ಟು ನನ್ನನ್ನೇ ನೋಡಿದರು. “ಗುಡ್ಡದಾಗ? ಯಾಕ, ಮನಿ ಇಲ್ಲೇನ್ರಿ ನಿಮಗ?”

ಜ್ವರದ ಸಂಗತಿಯನ್ನೆಲ್ಲ ಹೇಳಿದೆ. ಎರಡು ತಿಂಗಳಲ್ಲಿ ಯಾರ ಮುಂದೆಯೂ ನಾನು ಅಷ್ಟು ಮಾತಾಡಿರಲಿಲ್ಲ. ಗುಮಾಸ್ತರು ಮತ್ತೆ ಲೇಖನಿ ತೆಗೆದುಕೊಂಡರು. ಕಾಗದದಲ್ಲಿ ಬಂದೂಕಿನ ಅಂಕಣಕ್ಕೆ ಸೊನ್ನೆ ಬರೆದರು. ಪ್ರಾಣಿಯ ಅಂಕಣಕ್ಕೆ ಬಂದಾಗ ಸ್ವಲ್ಪ ಹೊತ್ತು ಯೋಚಿಸಿ ‘ಹವಾ’ ಎಂದು ಬರೆದರು.

“ಖಾಲಿ ಬಿಟ್ರ ಮ್ಯಾಲಿನವ್ರು ತಿರುಗಿ ಕಳಸ್ತಾರ್ರಿ. ಏನರ ಒಂದು ಬರೀಬೇಕಲ್ಲ?” ಎಂದು ನಕ್ಕು, ಹೊರಡುವಾಗ, “ಹಿಂದಿನ ಕೋಣ್ಯಾಗ ಒಂದು ಹಳೇ ಡೇರೆ ಬಿದ್ದೈತಿ. ಸಾಹೇಬರನ್ನ ಕೇಳಿ ಇಡ್ತೀನಿ. ಬಂದು ಒಯ್ರಿ,” ಎಂದರು.

ಒಂದು ವಾರಕ್ಕೆ ಪರವಾನಗಿ ಬಂತು. ಡೇರೆಯನ್ನೂ ತಂದೆ. ಹಿತ್ತಲಲ್ಲಿ ಬಿಚ್ಚಿ ಹಾಸಿದರೆ ನಡುವೆ ಇಲಿ ಕಡಿದ ದೊಡ್ಡ ತೂತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಒಳಗೆ ಹೋದರು. ದಬ್ಬಣ ಮತ್ತು ತಮ್ಮದೊಂದು ಹಳೆಯ ಇಳಕಲ್ ಸೀರೆಯ ತುಂಡು ತಂದು, ಯಾರ ಮುಖವನ್ನೂ ನೋಡದೆ ತೇಪೆ ಹಾಕತೊಡಗಿದರು. ಅಲ್ಲಿಗೆ ಅವರ ಜಗಳ ಮುಗಿಯಿತೆಂದು ನಾನು ತಿಳಿದೆ. ತಾವೂ ಬರುವುದಾಗಿ ಹೇಳಿದರು; ಸಂಜೆಯಿಂದ ಅವರದೇ ಕಾರುಬಾರು. ಒಲೆಗೆ ಮೂರು ಕಲ್ಲು ಅಲ್ಲೇ ಸಿಗುತ್ತವೆ, ಕಟ್ಟಿಗೆ ಇಲ್ಲಿಂದ ಒಯ್ಯಬೇಕು; ಕಟಕರೊಟ್ಟಿ ಮುರಿಯದಂತೆ ಬುಟ್ಟಿಯಲ್ಲಿಡಬೇಕು; ನಂಚಿಕೊಳ್ಳುವ ಶೇಂಗಾ ಹಿಂಡಿಗೆ ಖಾರ ಕಡಿಮೆ ಇರಬೇಕು; ಕಂಬಳಿ ನಾಲ್ಕು ಸಾಲವು, ಆರು ಬೇಕು.

ಉಳಿದದ್ದು ಒಂದೇ ತೊಡಕು. ಗುಡ್ಡದ ಬುಡದವರೆಗೆ ಗಾಡಿ ಹೋಗುತ್ತದೆ, ಅಲ್ಲಿಂದ ಮೇಲೆ ಅವಳನ್ನು ಒಯ್ಯುವುದು ಹೇಗೆ? ಪಕ್ಕದ ಮನೆಯ ಪಿಂಜಾರರು ದಿನವಿಡೀ ಹತ್ತಿ ಹಿಂಜಿ ತೋಳು ಗಟ್ಟಿ ಮಾಡಿಕೊಂಡವರು. “ನಾ ಅದೀನಲ್ರಿ,” ಎಂದು ನಮ್ಮ ಮರದ ಕುರ್ಚಿಗೆ ಎರಡು ಬಿದಿರ ಗಳ ಬಿಗಿದರು. ಗಂಟು ಗಟ್ಟಿಯಿದೆಯೇ ಎಂದು ನೋಡಬೇಕಿತ್ತು.

“ನಾ ಕುಂತು ನೋಡ್ತೀನಿ,” ಎಂದರು ಅವ್ವ. “ನನ್ನ ಹೊತ್ರ ಆಕಿನ್ನ ಹೂವಿನಂಗ ಹೊರ್ತೀರಿ.”

ಮುಂದೆ ಪಿಂಜಾರರು, ಹಿಂದೆ ನಾನು. ಅವ್ವನನ್ನು ಎತ್ತಿ ಹಿತ್ತಲು ಸುತ್ತಿದೆವು. ಅವ್ವ ಎರಡೂ ಕೈಯಿಂದ ಕುರ್ಚಿ ಹಿಡಿದು, “ಮೆಲ್ಲಕ ನಡೀರೋ, ಮೆಲ್ಲಕ! ಸೊಂಟ ಮುರದ್ರ ಗುಡ್ಡದ ಮ್ಯಾಲೆ ರೊಟ್ಟಿ ಬಡಿಯವ್ರು ಯಾರು?” ಎಂದು ಕೂಗಾಡಿದರು. ಬಾಗಿಲ ಕಡೆಯಿಂದ ಸದ್ದು ಕೇಳಿ ತಿರುಗಿದೆ. ಹೆಂಡತಿ ಚೌಕಟ್ಟಿಗೆ ಒರಗಿ ನಗುತ್ತಿದ್ದಳು. ನಗು ತಡೆಯಲಾರದೆ ಕೆಮ್ಮು ಬಂದು, ಕೆಮ್ಮುತ್ತಲೇ ಮತ್ತೆ ನಗುತ್ತಿದ್ದಳು. ನಾನು ಕುರ್ಚಿಯನ್ನು ಕೆಳಗಿಳಿಸುವುದನ್ನೂ ಮರೆತು ನಿಂತೆ.

ಬುಧವಾರ ಬೆಳಿಗ್ಗೆ ಹೊರಟೆವು. ಏರುವಾಗ ಎಂಟು ಹತ್ತು ಸಲ ಕೂತು ದಣಿವಾರಿಸಿಕೊಂಡೆವು. ಮೇಲೊಂದು ಸಮತಟ್ಟಾದ ಹಾಸುಬಂಡೆ. ಅದರ ಮಗ್ಗುಲಿಗೆ ಡೇರೆ ಹೊಡೆದು, ಪಿಂಜಾರರು ಭಾನುವಾರ ಬರುವೆನೆಂದು ಹೇಳಿ ಇಳಿದುಹೋದರು. ಗುಡ್ಡದ ಕಾವಲುಗಾರ ಬಂದು ನೀರಿನ ದೋಣಿ ತೋರಿಸಿದ. ಬಂಡೆಯ ತಗ್ಗಿನಲ್ಲಿ ಮಳೆಯ ನೀರು ನಿಂತ ಹೊಂಡಕ್ಕೆ ನಮ್ಮಲ್ಲಿ ದೋಣಿ ಎನ್ನುತ್ತಾರೆ. “ಬಿಸಿಲು ಏರಿದ ಮ್ಯಾಲೆ ಬರ್ರಿ. ನಸಿಕಿನ್ಯಾಗ ಕರಡಿ ಬಂದು ಕುಡೀತಾವು,” ಎಂದು ಎಚ್ಚರ ಹೇಳಿದ.

ಎರಡನೆಯ ಬೆಳಿಗ್ಗೆ ನಾನು ಎದ್ದಾಗ ಡೇರೆಯೊಳಗೆ ಬೆಳಕು ಬಂದಿತ್ತು. ಅವ್ವ ಮಲಗಿದ್ದರು. ಹೆಂಡತಿಯ ಕಂಬಳಿ ಬರಿದಾಗಿತ್ತು.

ಹೊರಗೆ ಬಂದು ಕೂಗಿದೆ. ಉತ್ತರವಿಲ್ಲ. ಹೊಸ್ತಿಲು ದಾಟಲಾಗದವಳು ಎಲ್ಲಿಗೆ ಹೋದಾಳು? ಬಂಡೆಯ ಅಂಚಿಗೆ ಓಡಿ ಕೆಳಗೆ ಇಣುಕಿದೆ. ಹಿಂದಿನಿಂದ ಅವ್ವನ ಕೂಗು ಕೇಳಿತು. ಬರಿಗಾಲಲ್ಲೇ ದೋಣಿಯ ಕಡೆ ಓಡಿದೆ. ಮುಳ್ಳು ಚುಚ್ಚಿದ್ದು ಆಗ ತಿಳಿಯಲೂ ಇಲ್ಲ.

ಅವಳು ನೀರಿನ ಅಂಚಿನಲ್ಲಿ ಕೂತು ಮುಖ ತೊಳೆಯುತ್ತಿದ್ದಳು. ಪಕ್ಕದಲ್ಲಿ ತುಂಬಿದ ತಂಬಿಗೆ.

“ನಿಮಗ ಛಲೋ ನಿದ್ದಿ ಹತ್ತಿತ್ತು. ಎಬ್ಬಸೂದು ಬ್ಯಾಡ ಅಂತ ನಾನ ಬಂದೆ,” ಎಂದಳು.

“ನಡಕೋತ ಬಂದಿ?”

“ಮತ್ತ ಹೊರವ್ರು ಯಾರದಾರ್ರಿ ಇಲ್ಲಿ? ಮೂರು ಕಡೆ ಕುಂತೆ. ನಾಕನೇದಕ್ಕ ನೀರು ಬಂತು.”

ಅಲ್ಲೇ ಬಂಡೆಯ ಮೇಲೆ ಕೂತೆ. ಸಿಟ್ಟಾಗಬೇಕೆಂದುಕೊಂಡೆ, ಆಗಲಿಲ್ಲ. ಏದುಸಿರು ಬಿಡುತ್ತ ಬಂದ ಅವ್ವ ನನ್ನ ಪಾಲಿನ ಸಿಟ್ಟನ್ನೂ ಸೇರಿಸಿ ಬೈದರು. “ನನ್ನ ಜೀವಾ ಹಾರಿಹೋತಲ್ಲ ಯವ್ವಾ! ಹೇಳಿ ಬರೂದಲ್ಲೇನ?” ಎನ್ನುತ್ತಲೇ ಸೆರಗಿನಿಂದ ಅವಳ ಮುಖ ಒರೆಸಿದರು. ಕೊರಳು, ಕೈ, ಮತ್ತೆ ಮುಖ. ಒರೆಸಿದಷ್ಟೂ ಸಾಲದು ಎನ್ನುವಂತೆ ಒರೆಸಿದರು. ಆಮೇಲೆ ಇಬ್ಬರೂ ಕೈ ಕೈ ಹಿಡಿದು, ನಿಂತು ನಿಂತು, ಡೇರೆಯ ಕಡೆ ನಡೆದರು.

ನಾನು ಹಿಂದೆಯೇ ಉಳಿದು ಅಂಗಾಲಿನ ಮುಳ್ಳು ತೆಗೆದುಕೊಂಡೆ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಸ್ವಲ್ಪ ಹೊತ್ತು ಒರಗೋಣವೆಂದು ಬಂಡೆಗೆ ತಲೆ ಕೊಟ್ಟವನಿಗೆ ಊಟಕ್ಕೆ ಅವರು ಕೂಗುವವರೆಗೆ ಎಚ್ಚರವಾಗಲಿಲ್ಲ.