ಅವ್ವ ಕೆರೆಗಿಳಿದ ದಿನ

ಕೆರೆ ತುಂಬಿದ ವರ್ಷ ಏರಿಯ ಮೇಲೆ ಬಸ್ಸು ಹಾದುಹೋಗುವಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬರುತ್ತದೆ. ನೆಂದ ಗೋಡುಮಣ್ಣು, ಕೊಳೆತ ಜೊಂಡು, ಎಮ್ಮೆಯ ಮೈ, ಯಾರೋ ಬಟ್ಟೆ ಒಗೆದ ಸೋಪು, ಎಲ್ಲ ಬೆರೆತ ವಾಸನೆ. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರೆ ನಾನು ಕಿಟಕಿಯನ್ನು ಇನ್ನಷ್ಟು ಸರಿಸುತ್ತೇನೆ. ಆ ವಾಸನೆಯಲ್ಲಿ ನನಗೆ ನಮ್ಮವ್ವ ಸಿಗುತ್ತಾಳೆ. ತಾಯಿಯನ್ನು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳ್ಳಂಬೆಳ್ಳದ ಆಚೆ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ. ಕೊನೆಯದು ನಮ್ಮದು. ಅಪ್ಪ, ಅವ್ವ, ಅಪ್ಪನ ತಾಯಿ ನಮ್ಮಜ್ಜಿ, ನಾನು, ನನ್ನಣ್ಣ ದಾನಿಯೇಲ. ಅವನನ್ನು ಎಲ್ಲರೂ ದಾನಿ ಎಂದೇ ಕರೆಯುತ್ತಿದ್ದರು. ನನಗೆ ಎಂಟು ವರ್ಷವಾಗಿದ್ದಾಗ ದಾನಿ ಎಮ್ಮೆ ತೊಳೆಯಲು ಹೋಗಿ ಊರ ಕೆರೆಯಲ್ಲಿ ಮುಳುಗಿಹೋದ. ಆಮೇಲೆ ಅವ್ವ ಕೆರೆಯ ಕಡೆ ಮುಖ ಮಾಡಲಿಲ್ಲ. ಹೊಲಕ್ಕೆ ಹೋಗಲು ಏರಿಯ ದಾರಿ ಬಿಟ್ಟು ದಿಣ್ಣೆ ಬಳಸಿ ನಡೆಯುತ್ತಿದ್ದಳು. ಬಟ್ಟೆಗಳನ್ನು ನಲ್ಲಿಯ ಬಿಂದಿಗೆ ನೀರಿನಲ್ಲೇ ಹಿಂಡಿ ಒಣಗಿಸುತ್ತಿದ್ದಳು. ಅವನ ಹೆಸರನ್ನೂ ಬಾಯಿಗೆ ತರುತ್ತಿರಲಿಲ್ಲ. ನಾನು ಏರಿ ಹತ್ತಿದ್ದು ಕಂಡರೆ ಕೂಗಿಕೊಂಡು ಓಡಿಬಂದು ಬೆನ್ನಿಗೆ ಬಾರಿಸಿ, ಆಮೇಲೆ ತಬ್ಬಿಕೊಂಡು ಅಳುತ್ತಿದ್ದಳು. ಎರಡು ವರ್ಷ ಕಳೆಯುವುದರೊಳಗೆ ನನಗೂ ನೀರು ಕಂಡರೆ ಎದೆ ಹೊಡೆದುಕೊಳ್ಳುವುದು ಅಭ್ಯಾಸವಾಯಿತು. ಅಜ್ಜಿ ತಲೆಗೆ ನೀರು ಹುಯ್ಯುವಾಗ ಹಂಡೆಯ ಕಂಠ ಹಿಡಿದು ಚೀರುತ್ತಿದ್ದೆ.

ನಮ್ಮ ಸಭೆ ನಡೆಯುತ್ತಿದ್ದುದು ಒಂದು ಶೀಟಿನ ಕೋಣೆಯಲ್ಲಿ. ಅಲ್ಲಿ ದೀಕ್ಷಾಸ್ನಾನವೆಂದರೆ ಪೂರ್ತಿ ನೀರಿನಲ್ಲಿ ಮುಳುಗಿ ಏಳಬೇಕು. ಅದಾಗದವರು ಪ್ರಭುಭೋಜನದ ರೊಟ್ಟಿ ಮುಟ್ಟುವಂತಿಲ್ಲ. ಕೊರಟಗೆರೆ ಕಡೆಯ ತವರಿನಲ್ಲಿ ಅವ್ವನಿಗೆ ಆ ಸ್ನಾನ ಆಗಿರಲಿಲ್ಲ. ಮದುವೆಯಾದ ಮೇಲೆ ಬಾಣಂತನ, ಹೊಲದ ಕೆಲಸ ಎಂದು ಮುಂದೆ ಹೋಯಿತು. ಆಮೇಲೆ ದಾನಿ ಹೋದ. ತಿಂಗಳಿಗೊಮ್ಮೆ ರೊಟ್ಟಿಯ ತಟ್ಟೆ ಬಂದಾಗ ಅವ್ವ ತಲೆ ತಗ್ಗಿಸಿ ಪಕ್ಕದವರಿಗೆ ದಾಟಿಸುತ್ತಿದ್ದಳು. ಒಂದು ಭಾನುವಾರ ದಾಟಿಸಿದವಳು ಸಭೆ ಮುಗಿದ ಮೇಲೆ ಎದ್ದು ಪಾಸ್ಟರ ಮುಂದೆ ನಿಂತಳು. ಸ್ನಾನ ತಗೊಳ್ಳುತ್ತೇನೆ ಎಂದಳು. ಸಿರಾದ ಸಭೆಯಲ್ಲಿ ಸಿಮೆಂಟಿನ ತೊಟ್ಟಿ ಇದೆ, ಅಲ್ಲೇ ಕೊಡೋಣ ಎಂದರು ಅವರು.

"ಬ್ಯಾಡಿ ಅಯ್ಯನೋರೆ, ನಮ್ಮೂರ್ ಕೆರೇಲೇ ಕೊಡಿ."

"ಅದ್ಯಾಕ್ಲೇ ಮಾರ್ತಿ? ತೊಟ್ಟಿ ನೀರಾದ್ರೇನು, ಕೆರೆ ನೀರಾದ್ರೇನು, ನೆನೆಯೋದು ಒಂದೇ ಅಲ್ವಾ?" ಎಂದು ಅಜ್ಜಿ ಅವ್ವನನ್ನು ಕೇಳಿದಳು.

"ತೊಟ್ಟೀಲಿ ಮುಳುಗಿ ಬಂದ್ರೆ ನನ್ ಹೆದ್ರಿಕೆ ಕೆರೇಲೇ ಉಳ್ಕಂತದೆ ಅತ್ತೆ. ಈ ಮಗೀನೂ ನನ್ನಂಗೇ ನಡುಗ್ತಾ ಬೆಳೀತದೆ. ಯೇಸಪ್ಪ ಅಲ್ಲೀಗೂ ಬತ್ತಾನೆ ಅಂತ ನಂಬೀನಿ. ನೋಡೇಬುಡಾನ."

ಸ್ನಾನದ ದಿನ ಬೆಳಿಗ್ಗೆ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಎಂಟು ಹತ್ತು ಜನ ಸೇರಿದ್ದರು. ಅವ್ವ ಬಿಳಿ ಸೀರೆ ಉಟ್ಟಿದ್ದಳು. ಮೊಣಕಾಲಿನವರೆಗೆ ಇಳಿದವಳು ನಿಂತುಬಿಟ್ಟಳು. "ಯೇಸಪ್ಪಾ, ಕಾಲು ನಡುಗ್ತಾವೆ ಕಣಪ್ಪ, ನೀನೇ ಹಿಡ್ಕ" ಎನ್ನುವುದು ದಡದಲ್ಲಿದ್ದ ನನಗೂ ಕೇಳಿಸಿತು. ಮತ್ತೆ ನಡೆದಳು. ಎದೆಮಟ್ಟದ ನೀರಿನಲ್ಲಿ ಪಾಸ್ಟರು ಅವಳನ್ನು ಹಿಂದಕ್ಕೆ ಬಾಗಿಸಿದರು. ನೀರು ಕಿವಿಗೆ ತಾಕಿತೋ ಇಲ್ಲವೋ, ಅವ್ವ ಅವರ ಅಂಗಿಯನ್ನು ಎರಡೂ ಕೈಯಲ್ಲಿ ಜಗ್ಗಿ ಮೇಲೆದ್ದುಬಿಟ್ಟಳು. ಪಾಸ್ಟರು ಆಯಿತು ಎಂದರು. ಜನ ಹಾಡು ಶುರು ಮಾಡಿದರು. ಅವ್ವ ಮಾತ್ರ ಅಲ್ಲೇ ನಿಂತು ತಲೆ ಮುಟ್ಟಿ ನೋಡಿಕೊಂಡಳು.

"ಇಲ್ಲ ಅಯ್ಯನೋರೆ. ನೆತ್ತಿ ನೆಂದಿಲ್ಲ."

"ಇರ್ಲಿ ಬುಡಮ್ಮ. ದೇವ್ರು ಮನಸ್ ನೋಡ್ತಾನೆ."

"ದೇವ್ರಿಗೇನೋ ಗೊತ್ತು. ನಂಗೂ ಗೊತ್ತಾಗ್ಬೇಕಲ್ಲ? ಇನ್ನೊಂದ್ಸತಿ ಮುಳುಗ್ಸಿ."

"ಲೇ ಮಾರ್ತಿ, ಮೆತ್ತಗ್ ಹಿಡ್ಕಳೇ! ಅಯ್ಯನೋರ್ ಅಂಗಿ ಹರ್ದಾಕ್ಬುಟ್ಟೀಯ!" ಎಂದು ನನ್ನ ಪಕ್ಕದಲ್ಲಿದ್ದ ಅಜ್ಜಿ ಕೂಗಿದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ನಗುತ್ತಲೇ ಅಂಗಿ ಬಿಟ್ಟು, ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡು, ಹೂಂ ಎಂದಳು.

ಈ ಸಲ ಪೂರ್ತಿ ಮುಳುಗಿದಳು. ನೀರಿನ ಮೇಲೆ ಸೆರಗಿನ ತುದಿಯೊಂದೇ ತೇಲುತ್ತಿತ್ತು. ನಾನು ಅಜ್ಜಿಯ ಹೊಟ್ಟೆಗೆ ಮುಖ ಒತ್ತಿಕೊಂಡೆ. ಮತ್ತೆ ನೋಡಿದಾಗ ಅವ್ವ ಎದ್ದು ನಿಂತಿದ್ದಳು. ಕೂದಲಿನಿಂದ ನೀರು ಸುರಿಯುತ್ತಿತ್ತು. ದಡಕ್ಕೆ ಬರದೆ ಕೆರೆಯ ನಡುವಿನ ಕಡೆ ತಿರುಗಿ "ದಾನೀ" ಎಂದು ಒಂದೇ ಒಂದು ಸಲ ಕರೆದಳು, ಊಟಕ್ಕೆ ಕರೆಯುವಂತೆ. ಆಮೇಲೆ ನನ್ನ ಕಡೆ ಕೈ ಚಾಚಿ, "ಬಾರೇ ಮಗಾ, ಕಾಲಾದ್ರೂ ನೆನಸ್ಕ" ಎಂದಳು. ಕಾಲು ನೆನೆಸಿಕೊಂಡೆ. ಮೊಣಕಾಲಿನವರೆಗೂ ಹೋದೆ.

ಅಂದಿಗೇ ಅವಳ ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಕೆರೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುವಾಗ ಅವಳು ನಡುನೀರಿನ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದುದನ್ನು ಎಷ್ಟೋ ವರ್ಷ ನೋಡಿದ್ದೇನೆ. ಆದರೆ ವಾರವಾರವೂ ಹೋದಳು, ನನ್ನನ್ನೂ ಕರೆದುಕೊಂಡು ಹೋದಳು.

ಅಜ್ಜಿ, ಅಪ್ಪ ಹೋಗಿ ಬಹಳ ಕಾಲವಾಯಿತು. ಮನೆ ಬಿದ್ದ ಜಾಗದಲ್ಲಿ ಈಗ ಯಾರದೋ ಹುಲ್ಲಿನ ಬಣವೆ ಇದೆ. ಹೋದ ವರ್ಷ, ನನ್ನ ಜೊತೆಗಿದ್ದ ಅವ್ವನೂ ಹೋದಳು. ಸಮಾಧಿಯ ಮುಂದೆ ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರು ಕೊನೆಯ ಸಲ ಮುಖ ನೋಡುವುದು ನಮ್ಮಲ್ಲಿ ವಾಡಿಕೆ. ನಾನು ಮುಂದೆ ಹೋಗದೆ ಕಾಂಪೌಂಡಿಗೆ ಒರಗಿ ನಿಂತುಬಿಟ್ಟೆ. "ನೋಡ್ಲೇಬೇಕು ಅಂತೇನಿಲ್ಲ ಕಣಕ್ಕ" ಎಂದರು ಈಗಿನ ಹುಡುಗ ಪಾಸ್ಟರು.

"ನೋಡ್ತೀನಿ" ಎಂದೆ. ಹೋಗಿ ಬಗ್ಗಿ ಹಣೆ ಮುಟ್ಟಿದೆ. ತಣ್ಣಗಿತ್ತು. ಮುಚ್ಚಳ ಹಿಡಿದವರು ಕಾಯುತ್ತಿದ್ದರು. ಕಾಯಲಿ ಎಂದುಕೊಂಡು ಅವ್ವನ ಮುಖವನ್ನು ಕಣ್ತುಂಬ ನೋಡಿದೆ.